ಮನೆಯ ಎರಡು ಗಣಕಯಂತ್ರಗಳು: ಕಡತ ಮತ್ತು ಪ್ರಿಂಟರ್ ಹಂಚಿಕೆಯ ತೊಡಕುಗಳ ಚಾರಿತ್ರಿಕ ವಿವೇಚನೆ

೧. ವಿಷಯ ಪ್ರವೇಶ

ಒಂದೇ ಮನೆಯಲ್ಲಿ ಎರಡು ಗಣಕಯಂತ್ರಗಳಿದ್ದು ಅವುಗಳಲ್ಲಿ ಒಂದಕ್ಕೆ ಮಾತ್ರ ಪ್ರಿಂಟರ್ ಜೋಡಣೆಯಾಗಿದ್ದರೆ, ಇನ್ನೊಂದರಲ್ಲಿ ಬರೆದ ಪತ್ರವನ್ನೂ ಅದೇ ಪ್ರಿಂಟರಿನಲ್ಲಿ ಅಚ್ಚುಮಾಡಿಕೊಳ್ಳಬೇಕೆಂದು ಮನೆಯವರು ಬಯಸುವುದು ಸಹಜವಾಗಿದೆ. ಕಡತಗಳ ವಿಷಯವೂ ಹೀಗೆಯೇ. ಒಂದು ಯಂತ್ರದಲ್ಲಿರುವ ಲೆಕ್ಕಪತ್ರ, ಭಾವಚಿತ್ರ, ಪಾಠದ ಟಿಪ್ಪಣಿ ಮುಂತಾದುವನ್ನು ಇನ್ನೊಂದರಿಂದ ತೆರೆದು ನೋಡುವಂತಿರಬೇಕು. ಅಪೇಕ್ಷೆ ಇಷ್ಟು ಸರಳವಾದರೂ ಅದು ಕೈಗೂಡುವ ದಾರಿ ಅನೇಕ ವೇಳೆ ಸರಳವಾಗಿರುವುದಿಲ್ಲ. ಕೇಬಲ್ ಕೂಡಿಸಿದ್ದಾಗಿದೆ, ಎರಡು ಯಂತ್ರಗಳೂ ನಡೆಯುತ್ತಿವೆ. ಆದರೂ ಒಂದು ಇನ್ನೊಂದನ್ನು ಕಾಣುವುದಿಲ್ಲ. ಕಂಡರೂ ಪ್ರವೇಶ ಕೊಡುವುದಿಲ್ಲ. ಪ್ರವೇಶ ಕೊಟ್ಟರೂ ಪ್ರಿಂಟರ್ ಮಾತ್ರ ಕೆಲಸಮಾಡುವುದಿಲ್ಲ. ನಿನ್ನೆ ನಡೆದದ್ದು ಇಂದು ನಡೆಯದೆ ಹೋಗುವುದೂ ಉಂಟು.

ಇಂತಹ ತೊಡಕುಗಳು ಯಂತ್ರಜ್ಞರ ಕೈಪಿಡಿಗಳಿಗೆ ಸೇರಿದ ವಿಷಯವೆಂದು ಇತಿಹಾಸದ ವಿದ್ಯಾರ್ಥಿಗಳು ಅವನ್ನು ಬಿಟ್ಟುಬಿಡುವುದು ವಾಡಿಕೆ. ಬಳಸುವವರ ಅಜ್ಞಾನವೇ ಇವಕ್ಕೆಲ್ಲ ಕಾರಣವೆಂದು ಹೇಳುವವರೂ ಇದ್ದಾರೆ. ಈ ಎರಡು ಅಭಿಪ್ರಾಯಗಳೂ ನಮಗೆ ಸಮ್ಮತವಲ್ಲ. ಮನೆಯೊಳಗಿನ ಹಂಚಿಕೆಯಲ್ಲಿ ಕಾಣುವ ಒಂದೊಂದು ತೊಡಕಿನ ಹಿಂದೆಯೂ ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ಪರಿಸರಕ್ಕಾಗಿ ಕೈಗೊಂಡ ಒಂದು ನಿರ್ಣಯವಿದೆ. ಪರಿಸರ ಬದಲಾಯಿತು, ನಿರ್ಣಯ ಉಳಿದುಕೊಂಡಿತು. ಉತ್ಖನನದ ಗುಂಡಿಯಲ್ಲಿ ಬೇರೆಬೇರೆ ಕಾಲದ ಸ್ತರಗಳು ಒಂದರ ಮೇಲೊಂದು ನೆಲೆಗೊಂಡಿರುವಂತೆ ಈ ನಿರ್ಣಯಗಳೂ ಇಂದಿನ ಯಂತ್ರದೊಳಗೆ ನೆಲೆಗೊಂಡಿವೆ. ಆದುದರಿಂದ ತೊಡಕನ್ನು ಬಿಡಿಸುವ ಕ್ರಮವು ಬಹುಮಟ್ಟಿಗೆ ಸ್ತರಗಳನ್ನು ಕೆಳಗಿನಿಂದ ಮೇಲಕ್ಕೆ ಓದುವ ಕ್ರಮವೇ ಆಗಿದೆ. ಇದನ್ನು ಸಾಧಾರವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಮನೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಆದುದರಿಂದ ಅದನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದೇವೆ.

೨. ಹಂಚಿಕೆಯ ಹುಟ್ಟು

ಗಣಕಯಂತ್ರಗಳನ್ನು ಒಂದೇ ಕಟ್ಟಡದೊಳಗೆ ಪರಸ್ಪರ ಜೋಡಿಸುವ ಜಾಲದ ಚರಿತ್ರೆಯಲ್ಲಿ ಪ್ರಿಂಟರಿನ ಪಾತ್ರ ಸಾಮಾನ್ಯವಾಗಿ ಭಾವಿಸಿರುವುದಕ್ಕಿಂತ ಹೆಚ್ಚಿನದು. ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಸಂಸ್ಥೆ ಸ್ಥಾಪಿಸಿದ್ದ ಸಂಶೋಧನ ಕೇಂದ್ರಕ್ಕೆ ೧೯೭೧ರಲ್ಲಿ ಬಂದ ಗ್ಯಾರಿ ಸ್ಟಾರ್ಕ್‌ವೆದರ್ ಅಲ್ಲಿ ಲೇಸರ್ ಪ್ರಿಂಟರನ್ನು ರೂಪಿಸಿದರು. ಅದೇ ಕೇಂದ್ರದಲ್ಲಿ ೧೯೭೩ರಲ್ಲಿ ಆಲ್ಟೋ ಎಂಬ, ಒಬ್ಬೊಬ್ಬರ ಮೇಜಿಗೂ ಒಂದೊಂದರಂತೆ ಉದ್ದೇಶಿಸಿದ ಗಣಕಯಂತ್ರ ಸಿದ್ಧವಾಯಿತು. ಯಂತ್ರಗಳು ಹಲವು, ಉತ್ತಮವಾದ ಪ್ರಿಂಟರ್ ಒಂದು. ಎಲ್ಲ ಯಂತ್ರಗಳನ್ನೂ ಆ ಒಂದಕ್ಕೆ ವೇಗವಾಗಿ ಜೋಡಿಸುವುದು ಹೇಗೆಂಬುದು ಪ್ರಶ್ನೆಯಾಯಿತು. ರಾಬರ್ಟ್ ಮೆಟ್‌ಕಾಫ್ ೧೯೭೩ರ ಮೇ ೨೨ರಂದು ಬರೆದ ಟಿಪ್ಪಣಿಯಲ್ಲಿ ಈಥರ್‌ನೆಟ್ ಎಂಬ ಹೆಸರಿನಿಂದ ಇದಕ್ಕೊಂದು ಪರಿಹಾರವನ್ನು ಸೂಚಿಸಿದರು. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇಬ್ಬರೂ ಸೇರಿ ಅದನ್ನು ಕಾರ್ಯರೂಪಕ್ಕೆ ತಂದು ೧೯೭೬ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮೊದಲ ಈಥರ್‌ನೆಟ್‌ನ ವೇಗ ಸೆಕೆಂಡಿಗೆ ೨.೯೪ ಮೆಗಾಬಿಟ್. ೧೯೮೦ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳು ಒಟ್ಟುಗೂಡಿ ಪ್ರಕಟಿಸಿದ ವಿವರಣೆಯಲ್ಲಿ ಅದು ೧೦ ಮೆಗಾಬಿಟ್‌ಗೆ ಏರಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಜಾಲದಲ್ಲಿ ಒಂದು ಯಂತ್ರ ಆಡಿದ ಮಾತು ತಂತಿಯ ಮೇಲಿದ್ದ ಎಲ್ಲ ಯಂತ್ರಗಳಿಗೂ ಕೇಳಿಸುತ್ತಿತ್ತು. ತನಗೆ ಸಂಬಂಧಪಡದ ಮಾತನ್ನು ಪ್ರತಿಯೊಂದೂ ತಾನಾಗಿ ಬಿಟ್ಟುಬಿಡಬೇಕಾಗಿತ್ತು. ಒಂದೇ ಸಂಸ್ಥೆಯ ಒಂದೇ ಕಟ್ಟಡದಲ್ಲಿ, ಪರಸ್ಪರ ಪರಿಚಿತರ ನಡುವೆ ಇದರಿಂದ ಬಾಧೆಯೇನೂ ಇರಲಿಲ್ಲ. ತಂತಿಯ ಮೇಲಿರುವವರೆಲ್ಲರೂ ನಂಬಿಕೆಗೆ ಅರ್ಹರು ಎಂಬ ಈ ಭಾವನೆಯೇ ಮುಂದಿನ ಎಲ್ಲ ಸ್ತರಗಳಿಗೂ ತಳಹದಿಯಾಯಿತು.

೩. ಹೆಸರಿನ ಸ್ತರ

ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ೧೯೮೧ರಲ್ಲಿ ಹೊರಬಂದಿತು. ಅದನ್ನು ಜಾಲಕ್ಕೆ ತರುವ ಉದ್ದೇಶದಿಂದ ಆ ಸಂಸ್ಥೆ ೧೯೮೪ರಲ್ಲಿ ಪಿಸಿ ನೆಟ್‌ವರ್ಕ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಇದಕ್ಕಾಗಿ ಸೈಟೆಕ್ ಎಂಬ ಸಂಸ್ಥೆ ರೂಪಿಸಿಕೊಟ್ಟ ನೆಟ್‌ಬಯಾಸ್ ಯಂತ್ರಗಳು ಒಂದನ್ನೊಂದು ಹೆಸರಿನಿಂದ ಕರೆಯುವ ಪದ್ಧತಿಯನ್ನು ನಿಯಮಿಸಿತು. ಅದೇ ಕಾಲದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ಅವರು, ದೂರದ ಯಂತ್ರದಲ್ಲಿರುವ ಕಡತವನ್ನು ತನ್ನದೇ ಎಂಬಂತೆ ತೆರೆಯುವುದಕ್ಕೆ ಬೇಕಾದ ಸಂವಾದ ನಿಯಮಗಳನ್ನು ರಚಿಸಿದರು. ಎಸ್‌ಎಂಬಿ ಎಂದು ಪ್ರಸಿದ್ಧವಾಗಿರುವ ಈ ನಿಯಮಾವಳಿಯ ವಂಶಜರೇ ಇಂದಿಗೂ ವಿಂಡೋಸ್ ಯಂತ್ರಗಳಲ್ಲಿ ಹಂಚಿಕೆಯ ಕೆಲಸವನ್ನು ನಡೆಸುತ್ತಿದ್ದಾರೆ.

ನೆಟ್‌ಬಯಾಸ್ ಹೆಸರಿಗೆ ದೊರೆತ ಸ್ಥಳ ೧೬ ಅಕ್ಷರಗಳದು. ಮೈಕ್ರೋಸಾಫ್ಟ್ ಸಂಸ್ಥೆಯ ಬಳಕೆಯಲ್ಲಿ ಕೊನೆಯದನ್ನು ಸೇವೆಯ ಬಗೆ ಸೂಚಿಸಲು ಮೀಸಲಿಟ್ಟುದರಿಂದ ಯಂತ್ರದ ಹೆಸರಿಗೆ ಉಳಿದದ್ದು ೧೫. ಯಂತ್ರವು ಎಚ್ಚರಗೊಂಡಾಗ ಜಾಲದ ಎಲ್ಲರಿಗೂ ಕೇಳಿಸುವಂತೆ ತನ್ನ ಹೆಸರನ್ನು ಸಾರುತ್ತದೆ. ಯಾರೂ ಆಕ್ಷೇಪಿಸದಿದ್ದರೆ ಆ ಹೆಸರು ಅದರದಾಗುತ್ತದೆ. ಹೆಸರುಗಳನ್ನು ದಾಖಲಿಸುವ ಅಧಿಕಾರಿಯ ಅಗತ್ಯವಿಲ್ಲದ ಈ ಏರ್ಪಾಡು ಸಣ್ಣ ಕಚೇರಿಗೆ ಅನುಕೂಲವಾಗಿತ್ತು. ಆದರೆ ಇದರಿಂದ ಎರಡು ತೊಡಕುಗಳು ಹುಟ್ಟಿದುವು. ಎರಡು ಯಂತ್ರಗಳಿಗೆ ಒಂದೇ ಹೆಸರಿಟ್ಟಿದ್ದರೆ ತಡವಾಗಿ ಎಚ್ಚರಗೊಂಡದ್ದಕ್ಕೆ ಜಾಲದಲ್ಲಿ ಸ್ಥಾನವಿಲ್ಲ. ಸಾರುವ ಮಾತು ರೂಟರನ್ನು ದಾಟಿ ಹೋಗುವುದಿಲ್ಲವಾದುದರಿಂದ, ಎರಡು ಯಂತ್ರಗಳು ರೂಟರಿನ ಎರಡು ಕಡೆಗಳಲ್ಲಿದ್ದರೆ ಒಂದರ ಹೆಸರು ಇನ್ನೊಂದಕ್ಕೆ ತಿಳಿಯುವುದಿಲ್ಲ. ಒಂದೇ ಮನೆಯಲ್ಲಿ ಎರಡು ರೂಟರುಗಳನ್ನು ಒಂದರ ಹಿಂದೊಂದು ಜೋಡಿಸಿಕೊಂಡವರು, ಅಥವಾ ಒಂದು ಯಂತ್ರವನ್ನು ಅತಿಥಿಗಳಿಗೆಂದು ಮೀಸಲಾದ ವೈ-ಫೈಗೆ ಸೇರಿಸಿದವರು ಇಂದಿಗೂ ಇದಕ್ಕೆ ಸಮಾನವಾದ ತೊಂದರೆಗೆ ಒಳಗಾಗುತ್ತಾರೆ.

೪. ವಿಳಾಸದ ಸ್ತರ

೧೯೯೨ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್, ಪ್ರತ್ಯೇಕವಾದ ಸರ್ವರ್ ಇಲ್ಲದೆ ಸಮಾನ ಸ್ಥಾನದ ಯಂತ್ರಗಳೇ ಪರಸ್ಪರ ಕಡತ ಮತ್ತು ಪ್ರಿಂಟರುಗಳನ್ನು ಹಂಚಿಕೊಳ್ಳುವ ಸೌಕರ್ಯವನ್ನು ಒದಗಿಸಿತು. ೧೯೯೫ರ ಆಗಸ್ಟ್ ೨೪ರಂದು ಬಿಡುಗಡೆಯಾದ ವಿಂಡೋಸ್ ೯೫ ಅದನ್ನು ಮನೆಗಳ ಕೈಗೆಟುಕುವಂತೆ ಮಾಡಿತು. ಕಚೇರಿಗಾಗಿ ಹುಟ್ಟಿದ ವ್ಯವಸ್ಥೆ ಮನೆಗೆ ಬಂದದ್ದು ಹೀಗೆ. ಆದರೆ ಕಚೇರಿಯಲ್ಲಿದ್ದ ಜಾಲದ ಮೇಲ್ವಿಚಾರಕ ಅದರೊಡನೆ ಮನೆಗೆ ಬರಲಿಲ್ಲ.

ಆ ಕಾಲದಲ್ಲಿ ಯಂತ್ರಗಳ ನಡುವಿನ ಸಾಗಾಣಿಕೆಗೆ ಒಂದಕ್ಕಿಂತ ಹೆಚ್ಚು ಪ್ರೋಟೊಕಾಲ್‌ಗಳು ಬಳಕೆಯಲ್ಲಿದ್ದುವು. ಅವುಗಳಲ್ಲಿ ನೆಟ್‌ಬ್ಯೂಯಿ ಎಂಬುದು ಯಾವ ವಿಳಾಸವನ್ನೂ ಕೇಳುತ್ತಿರಲಿಲ್ಲ. ಕಾರ್ಡು ಕೂಡಿಸಿ ಹೆಸರಿಟ್ಟರೆ ಸಾಕಾಗಿತ್ತು. ಅದು ರೂಟರನ್ನು ದಾಟಲಾರದೆಂಬ ಕೊರತೆಯೇ ಮನೆಯ ಮಟ್ಟಿಗೆ ಒಂದು ಗುಣವಾಗಿ ಪರಿಣಮಿಸಿತು. ಏಕೆಂದರೆ ಅಂತರಜಾಲದ ಟಿಸಿಪಿ/ಐಪಿಯ ಮೇಲೆಯೇ ಹಂಚಿಕೆಯನ್ನು ನಡೆಸುತ್ತಿದ್ದವರು ಟೆಲಿಫೋನಿನ ಮೂಲಕ ಅಂತರಜಾಲಕ್ಕೆ ಸೇರಿದಾಗ, ಆ ಸಂಪರ್ಕದಿಂದ ಹಂಚಿಕೆಯನ್ನು ಬೇರ್ಪಡಿಸಿರದಿದ್ದರೆ, ತಮ್ಮ ಕಡತಗಳನ್ನು ಅರಿವಿಲ್ಲದೆಯೇ ಹೊರಗಿನವರಿಗೂ ತೆರೆದಿಟ್ಟಂತಾಗುತ್ತಿತ್ತು. ಆದರೆ ೨೦೦೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ನೆಟ್‌ಬ್ಯೂಯಿಗೆ ಬೆಂಬಲವನ್ನು ನಿಲ್ಲಿಸಲಾಯಿತು. ಹಳೆಯ ವಿಂಡೋಸ್ ೯೮ ಯಂತ್ರ ನೆಟ್‌ಬ್ಯೂಯಿಯನ್ನು ಮಾತ್ರ ಬಲ್ಲದ್ದಾಗಿ, ಹೊಸದಾಗಿ ಕೊಂಡ ಎಕ್ಸ್‌ಪಿ ಯಂತ್ರ ಟಿಸಿಪಿ/ಐಪಿಯನ್ನು ಮಾತ್ರ ಬಲ್ಲದ್ದಾದರೆ, ಕೇಬಲ್ ಎಷ್ಟೇ ನೆಟ್ಟಗಿದ್ದರೂ ಎರಡಕ್ಕೂ ಸಮಾನವಾದ ಭಾಷೆಯೇ ಇಲ್ಲದಂತಾಯಿತು.

ಟಿಸಿಪಿ/ಐಪಿ ವಿಳಾಸವನ್ನು ಬೇಡುತ್ತದೆ. ೧೯೯೬ರ ಫೆಬ್ರವರಿಯಲ್ಲಿ ನಿಗದಿಯಾದಂತೆ, ಮನೆ ಅಥವಾ ಕಚೇರಿಯ ಒಳಬಳಕೆಗೆ ೧೯೨.೧೬೮ ಮೊದಲಾದ ಕೆಲವು ವಿಳಾಸ ಸಮೂಹಗಳು ಮೀಸಲಾದುವು. ವಿಳಾಸ ಹಂಚುವವರು ಯಾರೂ ಸಿಕ್ಕದಿದ್ದಾಗ ಯಂತ್ರವು ೧೬೯.೨೫೪ರಿಂದ ಆರಂಭವಾಗುವ ಒಂದು ವಿಳಾಸವನ್ನು ತಾನೇ ಆರಿಸಿಕೊಳ್ಳುವ ಪದ್ಧತಿ ವಿಂಡೋಸ್ ೯೮ರಿಂದ ರೂಢಿಗೆ ಬಂದು, ೨೦೦೫ರಲ್ಲಿ ಸಾರ್ವತ್ರಿಕ ನಿಯಮವಾಗಿ ಪ್ರಕಟವಾಯಿತು. ಒಂದು ಯಂತ್ರದ ವಿಳಾಸ ೧೯೨.೧೬೮ರಿಂದಲೂ ಇನ್ನೊಂದರದು ೧೬೯.೨೫೪ರಿಂದಲೂ ಆರಂಭವಾಗಿದ್ದರೆ ಎರಡನೆಯದು ರೂಟರಿನಿಂದ ವಿಳಾಸ ಪಡೆಯಲು ವಿಫಲವಾಗಿದೆಯೆಂದು ತಿಳಿಯಬೇಕು. ಹಂಚಿಕೆಯ ವಿಚಾರಣೆ ಅಲ್ಲಿಗೆ ನಿಂತು, ಕೇಬಲ್, ವೈ-ಫೈ, ರೂಟರುಗಳ ವಿಚಾರಣೆ ಆರಂಭವಾಗಬೇಕು. ರೂಟರಿಲ್ಲದೆ ಎರಡು ಯಂತ್ರಗಳನ್ನು ನೇರವಾಗಿ ಜೋಡಿಸಿದ ಹಳೆಯ ದಿನಗಳಲ್ಲಿ ಒಳತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಬೇಕಾಗುತ್ತಿತ್ತು. ಸಾಮಾನ್ಯ ಕೇಬಲನ್ನೇ ಹಾಕಿ ನಿರಾಶರಾಗುತ್ತಿದ್ದವರು ಕಡಮೆಯಲ್ಲ. ತಂತಿಗಳ ಕ್ರಮವನ್ನು ತಾನೇ ಅರಿತುಕೊಳ್ಳುವ ಕಾರ್ಡುಗಳು ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ಅಳಿಯಿತು.

ಈ ಸ್ತರವನ್ನು ಪರೀಕ್ಷಿಸುವ ಸಾಧನವಾದ ಪಿಂಗ್ ಎಂಬುದನ್ನು ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿ ಮೈಕ್ ಮೂಸ್ ಅವರು ೧೯೮೩ರ ಡಿಸೆಂಬರಿನಲ್ಲಿ ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಉಪಕರಣದ ಧ್ವನಿಯಿಂದ ಅದಕ್ಕೆ ಆ ಹೆಸರು ಬಂದಿತು. ವಿಳಾಸದಿಂದ ಕರೆದಾಗ ಉತ್ತರ ಬಂದು ಹೆಸರಿನಿಂದ ಕರೆದಾಗ ಬಾರದಿದ್ದರೆ ದೋಷ ಹೆಸರಿನ ಸ್ತರದಲ್ಲಿದೆ. ವಿಳಾಸದಿಂದ ಕರೆದರೂ ಉತ್ತರ ಬಾರದಿದ್ದರೆ ದೋಷ ಅದಕ್ಕೂ ಕೆಳಗಿರಬಹುದು. ಅಥವಾ ಮುಂದೆ ವಿವರಿಸಲಿರುವ ಫೈರ್‌ವಾಲ್ ಉತ್ತರವನ್ನು ತಡೆದಿರಬಹುದು. ಈ ಎರಡನೆಯ ಸಾಧ್ಯತೆಯನ್ನು ಮರೆತು ಕೇಬಲನ್ನೇ ದೂಷಿಸಬಾರದು.

೫. ನೆರೆಹೊರೆಯ ಪಟ್ಟಿ

ವಿಂಡೋಸ್ ೯೫ರ ತೆರೆಯ ಮೇಲೆ ಜಾಲದ ನೆರೆಹೊರೆ ಎಂಬ ಅರ್ಥದ ಹೆಸರಿನ ಚಿಹ್ನೆಯೊಂದಿತ್ತು. ಅದನ್ನು ತೆರೆದರೆ ಜಾಲದಲ್ಲಿರುವ ಯಂತ್ರಗಳ ಪಟ್ಟಿ ಕಾಣಬೇಕಾಗಿತ್ತು. ಮನೆಯವರು ಹಂಚಿಕೆಯ ಸುಸ್ಥಿತಿಯನ್ನು ಅಳೆಯುತ್ತಿದ್ದದ್ದು ಈ ಪಟ್ಟಿಯಿಂದಲೇ. ಆದರೆ ಪಟ್ಟಿಯು ಸಿದ್ಧವಾಗುತ್ತಿದ್ದ ಬಗೆಯನ್ನು ಪರಿಶೀಲಿಸಿದರೆ ಅದನ್ನು ಅಷ್ಟಾಗಿ ನಂಬುವಂತಿರಲಿಲ್ಲವೆಂದು ಗೊತ್ತಾಗುತ್ತದೆ.

ಜಾಲದ ಯಂತ್ರಗಳು ತಮ್ಮೊಳಗೆ ಚುನಾವಣೆಯನ್ನು ನಡೆಸಿ ಒಂದನ್ನು ಪಟ್ಟಿಯ ಮುಖ್ಯ ಪಾಲಕನನ್ನಾಗಿ ಆರಿಸುತ್ತಿದ್ದುವು. ಉಳಿದ ಯಂತ್ರಗಳು ಸಾಮಾನ್ಯವಾಗಿ ೧೨ ಮಿನಿಟುಗಳಿಗೊಮ್ಮೆ ತಮ್ಮ ಇರವನ್ನು ಸಾರುತ್ತಿದ್ದುವು. ಮೂರು ಸಲ ಸಾರದೆ ಹೋದ, ಎಂದರೆ ೩೬ ಮಿನಿಟು ಮೌನವಾಗಿದ್ದ ಯಂತ್ರವನ್ನು ಪಾಲಕನು ಪಟ್ಟಿಯಿಂದ ತೆಗೆಯುತ್ತಿದ್ದನು. ಸಹಾಯಕ ಪಾಲಕರು ೧೫ ಮಿನಿಟುಗಳಿಗೊಮ್ಮೆ ಪಟ್ಟಿಯ ಪ್ರತಿಯನ್ನು ಪಡೆಯುತ್ತಿದ್ದುದರಿಂದ, ಆರಿಹೋದ ಯಂತ್ರವೊಂದು ೫೧ ಮಿನಿಟುಗಳವರೆಗೂ ಪಟ್ಟಿಯಲ್ಲಿ ಜೀವಂತವಾಗಿರುವುದು ಸಾಧ್ಯವಿತ್ತು. ಹೊಸದಾಗಿ ಎಚ್ಚರಗೊಂಡ ಯಂತ್ರ ಕಾಣಿಸಿಕೊಳ್ಳಲು ತಡವಾಗುವುದೂ ಹೀಗೆಯೇ. ಪಾಲಕನಾಗಿದ್ದ ಯಂತ್ರವನ್ನೇ ಯಾರಾದರೂ ಆರಿಸಿಬಿಟ್ಟರೆ ಮತ್ತೆ ಚುನಾವಣೆ ನಡೆಯುವವರೆಗೆ ಪಟ್ಟಿಯೇ ಅಸ್ತವ್ಯಸ್ತ. ಹತ್ತಾರು ಯಂತ್ರಗಳು ಇಡೀ ದಿನ ನಡೆಯುತ್ತಿದ್ದ ಕಚೇರಿಯಲ್ಲಿ ಇದು ದೋಷವಾಗಿ ಕಾಣಲಿಲ್ಲ. ಬೇಕಾದಾಗ ಹೊತ್ತಿಸಿ ಸಾಕಾದಾಗ ಆರಿಸುವ ಎರಡೇ ಯಂತ್ರಗಳ ಮನೆಯಲ್ಲಿ ಇದೇ ನಿತ್ಯದ ಕಿರುಕುಳವಾಯಿತು. ಪಟ್ಟಿಯಲ್ಲಿ ಕಾಣದ ಯಂತ್ರವು ಅದರ ಹೆಸರನ್ನೋ ವಿಳಾಸವನ್ನೋ ನೇರವಾಗಿ ಬರೆದು ಕರೆದರೆ ಓಗೊಡುತ್ತಿತ್ತು. ಕಾಣುವುದು ಬೇರೆ, ತಲುಪುವುದು ಬೇರೆ ಎಂಬ ಈ ವಿವೇಕ ಇಂದಿನ ಪರಿಶೀಲನೆಗೂ ಮುಖ್ಯವಾದದ್ದು.

ಇನ್ನೊಂದು ಸಣ್ಣ ನಿರ್ಣಯವನ್ನೂ ಇಲ್ಲಿ ಹೇಳಬೇಕು. ಯಂತ್ರಗಳನ್ನು ಪಟ್ಟಿಯಲ್ಲಿ ವರ್ಕ್‌ಗ್ರೂಪ್ ಎಂಬ ಗುಂಪುಗಳಾಗಿ ತೋರಿಸಲಾಗುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಗೃಹ ಆವೃತ್ತಿಯಲ್ಲಿ ಗುಂಪಿಗೆ ತಾನಾಗಿ ಬರುತ್ತಿದ್ದ ಹೆಸರು ಎಂಎಸ್‌ಹೋಮ್. ಅದೇ ಎಕ್ಸ್‌ಪಿಯ ವೃತ್ತಿಪರ ಆವೃತ್ತಿಯಲ್ಲಿ ವರ್ಕ್‌ಗ್ರೂಪ್. ಒಂದೇ ಮನೆಗೆ ಎರಡು ಆವೃತ್ತಿಗಳನ್ನು ತಂದವರ ಯಂತ್ರಗಳು ಯಾರೂ ಕೇಳದೆಯೇ ಎರಡು ಗುಂಪುಗಳಿಗೆ ಸೇರಿಹೋಗುತ್ತಿದ್ದುವು. ಇದರಿಂದ ಸಂಪರ್ಕ ತಪ್ಪುತ್ತಿರಲಿಲ್ಲವಾದರೂ ಒಂದರ ಪಟ್ಟಿಯಲ್ಲಿ ಇನ್ನೊಂದು ಒಡನೆ ಕಾಣದೆ, ಸಂಪರ್ಕವೇ ತಪ್ಪಿದಂತೆ ಭ್ರಮೆಯಾಗುತ್ತಿತ್ತು.

೬. ಅನುಮತಿಯ ಸ್ತರ

ಯಂತ್ರ ಸಿಕ್ಕಿದ ಮೇಲೆ ಬರುವ ಪ್ರಶ್ನೆ ಬಾಗಿಲಿನದು. ಇಲ್ಲಿ ಎರಡು ಸಂಪ್ರದಾಯಗಳಿದ್ದುವು. ಮೊದಲನೆಯದರಲ್ಲಿ ಬೀಗ ವಸ್ತುವಿಗೆ: ಹಂಚಿದ ಒಂದೊಂದು ಫೋಲ್ಡರಿಗೂ ಒಂದೊಂದು ಪಾಸ್‌ವರ್ಡ್, ಅದನ್ನು ಬಲ್ಲವರು ಯಾರೇ ಆದರೂ ಒಳಗೆ ಹೋಗಬಹುದು. ಎರಡನೆಯದರಲ್ಲಿ ಗುರುತು ವ್ಯಕ್ತಿಗೆ: ಬಂದವನು ಯಾರೆಂದು ಮೊದಲು ನಿರ್ಧರಿಸಿ, ಅವನಿಗೆ ಯಾವುದಕ್ಕೆ ಅಧಿಕಾರವಿದೆಯೆಂದು ಆಮೇಲೆ ನೋಡುವುದು. ವಿಂಡೋಸ್ ೯೫, ೯೮ ಯಂತ್ರಗಳು ಮನೆಗಳಲ್ಲಿ ಮೊದಲನೆಯ ಸಂಪ್ರದಾಯವನ್ನು ಅನುಸರಿಸಿದುವು. ೧೯೯೩ರ ವಿಂಡೋಸ್ ಎನ್‌ಟಿ ಮತ್ತು ಅದರ ಸಂತತಿಯವು ಎರಡನೆಯದನ್ನು ಅನುಸರಿಸಿದುವು. ಮೊದಲನೆಯ ಸಂಪ್ರದಾಯದ ಬೀಗ ಎಷ್ಟು ಸಡಿಲವಾಗಿತ್ತೆಂಬುದು ೨೦೦೦ದ ಅಕ್ಟೋಬರಿನಲ್ಲಿ ಬಯಲಾಯಿತು: ಪಾಸ್‌ವರ್ಡಿನ ಮೊದಲನೆಯ ಅಕ್ಷರವೊಂದನ್ನು ಊಹಿಸಿದರೂ ಬಾಗಿಲು ತೆರೆಯುವಂತಹ ದೋಷವೊಂದು ಅದರಲ್ಲಿತ್ತು. ಮೈಕ್ರೋಸಾಫ್ಟ್ ಅದಕ್ಕೆ ತಿದ್ದುಪಡಿಯನ್ನು ಹೊರಡಿಸಿತು.

ಎನ್‌ಟಿಯ ವಂಶದ ಎಕ್ಸ್‌ಪಿ ಮನೆಗೆ ಬಂದಾಗ ವ್ಯಕ್ತಿಯ ಗುರುತಿನ ಸಂಪ್ರದಾಯವೂ ಜೊತೆಗೆ ಬಂದಿತು. ಆದರೆ ಮನೆಯಲ್ಲಿ ತಂದೆ, ತಾಯಿ, ಮಕ್ಕಳಿಗೆ ಬೇರೆಬೇರೆ ಖಾತೆಗಳನ್ನು ಎರಡು ಯಂತ್ರಗಳಲ್ಲಿಯೂ ಒಂದೇ ರೀತಿಯಲ್ಲಿ ತೆರೆದು, ಒಂದೇ ಪಾಸ್‌ವರ್ಡನ್ನಿಟ್ಟು ನಡೆಸುವವರು ಯಾರು? ಈ ಕಷ್ಟವನ್ನು ಕಂಡು ಎಕ್ಸ್‌ಪಿಯಲ್ಲಿ ಸರಳ ಹಂಚಿಕೆಯ ಏರ್ಪಾಡನ್ನು ಮಾಡಲಾಯಿತು. ಅದರಂತೆ ಜಾಲದಿಂದ ಬಂದವರೆಲ್ಲರನ್ನೂ ಹೆಸರು ವಿಚಾರಿಸದೆ ಅತಿಥಿಗಳೆಂದೇ ಭಾವಿಸಲಾಗುತ್ತಿತ್ತು. ಗೃಹ ಆವೃತ್ತಿಯಲ್ಲಿ ಇದೇ ಕಡ್ಡಾಯ. ವೃತ್ತಿಪರ ಆವೃತ್ತಿಯಲ್ಲಿ ಬಿಡಬಹುದಾಗಿತ್ತು. ಹಾಗೆ ಬಿಟ್ಟವರಿಗೆ ಇನ್ನೊಂದು ತಡೆ ಕಾದಿತ್ತು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಯಂತ್ರದ ಮುಂದೆ ಕುಳಿತು ಬಳಸಬಹುದೇ ಹೊರತು ಜಾಲದ ಮೂಲಕ ಬಳಸುವಂತಿಲ್ಲವೆಂದು ಎಕ್ಸ್‌ಪಿ ನಿಯಮಿಸಿತ್ತು. ಮನೆಯ ಖಾತೆಗಳಿಗೆ ಪಾಸ್‌ವರ್ಡ್ ಇಡದಿರುವುದೇ ರೂಢಿಯಾಗಿದ್ದುದರಿಂದ, ಎಲ್ಲವೂ ಸರಿಯಾಗಿದ್ದರೂ ಪ್ರವೇಶ ಮಾತ್ರ ನಿರಾಕೃತವಾಗುತ್ತಿತ್ತು. ಕಳ್ಳನನ್ನು ತಡೆಯಲು ಮಾಡಿದ ನಿಯಮ ಮನೆಯ ಯಜಮಾನನನ್ನೇ ತಡೆಯಿತು. ಆದರೆ ನಿಯಮ ತಪ್ಪೆಂದು ನಾವು ಹೇಳಲಾರೆವು. ಅದರ ಕಾರಣವನ್ನು ಬಳಸುವವನಿಗೆ ತಿಳಿಸುವ ಭಾಷೆ ಯಂತ್ರಕ್ಕೆ ಇರಲಿಲ್ಲವೆಂಬುದೇ ಕೊರತೆ.

ಒಳಗೆ ಹೋದವರಿಗೂ ಇನ್ನೊಂದು ಅನುಭವ ಕಾದಿತ್ತು: ಕಡತವನ್ನು ಓದಬಹುದು, ತಿದ್ದಿ ಉಳಿಸಲಾಗದು. ಎನ್‌ಟಿ ವಂಶದಲ್ಲಿ ಹಂಚಿಕೆಗೆ ಒಂದು ಅನುಮತಿ, ಡಿಸ್ಕಿನ ಮೇಲಿರುವ ಕಡತಕ್ಕೆ ಇನ್ನೊಂದು ಅನುಮತಿ ಎಂದು ಎರಡಿವೆ. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ಮರೆತವರಿಗೆ ತೊಡಕು ಹಾಗೆಯೇ ಉಳಿಯುತ್ತಿತ್ತು.

೨೦೦೩ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹಾನಿಕಾರಕ ತಂತ್ರಾಂಶ ಜಾಲದ ಮೂಲಕ ತಾನೇ ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹರಡಿತು. ಇಂತಹ ಅನುಭವಗಳ ತರುವಾಯ, ೨೦೦೪ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕಿನಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಚಾಲನೆಯಲ್ಲಿರುವಂತೆ ಮಾಡಲಾಯಿತು. ತಂತಿಯ ಮೇಲಿರುವವರೆಲ್ಲರೂ ನಂಬಿಕೆಗೆ ಅರ್ಹರೆಂಬ ೧೯೭೩ರ ಭಾವನೆ ಗೃಹಬಳಕೆಯ ಯಂತ್ರದಲ್ಲಿ ಅಧಿಕೃತವಾಗಿ ಕೊನೆಗೊಂಡದ್ದು ಇಲ್ಲಿ ಎಂದು ನಾವು ಭಾವಿಸುತ್ತೇವೆ. ಹಂಚಿಕೆಗೆ ಒಂದು ವಿನಾಯಿತಿಯನ್ನು ಕಲ್ಪಿಸಲಾಗಿತ್ತು. ಅದೂ ಅದೇ ಸ್ಥಳೀಯ ಜಾಲದ ಯಂತ್ರಗಳಿಗೆ ಮಾತ್ರ ಸಲ್ಲುವಂತಿತ್ತು. ಆದರೆ ಬೇರೆ ಸಂಸ್ಥೆಗಳ ಫೈರ್‌ವಾಲ್‌ಗಳನ್ನೂ ಕೊಂಡು ಹಾಕಿಕೊಂಡಿದ್ದವರು ಒಂದರಲ್ಲಿ ವಿನಾಯಿತಿ ಕೊಟ್ಟು ಇನ್ನೊಂದನ್ನು ಮರೆಯುತ್ತಿದ್ದುದು ಸಾಮಾನ್ಯವಾಗಿತ್ತು. ಈಗಿನ ವಿಂಡೋಸ್‌ನಲ್ಲಿ ಜಾಲವನ್ನು ಸಾರ್ವಜನಿಕ, ಖಾಸಗಿ ಎಂದು ವಿಭಾಗಿಸಲಾಗಿದೆ. ಮನೆಯ ಜಾಲವನ್ನು ಸಾರ್ವಜನಿಕವೆಂದು ಗುರುತಿಸಿಬಿಟ್ಟಿದ್ದರೆ ಯಂತ್ರ ತನ್ನನ್ನು ಮರೆಮಾಡಿಕೊಳ್ಳುತ್ತದೆ.

೭. ಪ್ರಿಂಟರಿನ ವಿಶೇಷ

ಕಡತ ಹಂಚಿಕೆ ನಡೆದು ಪ್ರಿಂಟರ್ ಹಂಚಿಕೆ ಮಾತ್ರ ನಡೆಯದಿರುವುದಕ್ಕೆ ಬೇರೆ ಕಾರಣವಿದೆ. ಕಡತವನ್ನು ಇದ್ದಂತೆಯೇ ಸಾಗಿಸಬಹುದು. ಅಚ್ಚಾಗಬೇಕಾದ ಪುಟವನ್ನಾದರೋ ಆ ಪ್ರಿಂಟರಿಗೆ ಅರ್ಥವಾಗುವ ಆಜ್ಞೆಗಳಾಗಿ ಪರಿವರ್ತಿಸಬೇಕು. ಆ ಕೆಲಸ ಡ್ರೈವರ್ ಎಂಬ ತಂತ್ರಾಂಶದ್ದು. ಹಂಚಿದ ಪ್ರಿಂಟರನ್ನು ಬಳಸಬಯಸುವ ಯಂತ್ರದಲ್ಲಿಯೂ ಅದು ಇರಬೇಕಾಗುತ್ತದೆ. ಪ್ರಿಂಟರಿರುವ ಯಂತ್ರವೇ ಡ್ರೈವರನ್ನೂ ಒದಗಿಸುವ ಅನುಕೂಲವನ್ನು ವಿಂಡೋಸ್ ಕಲ್ಪಿಸಿತು. ಎರಡು ಯಂತ್ರಗಳೂ ಒಂದೇ ಜಾತಿಯವಾಗಿದ್ದಾಗ ಇದು ಚೆನ್ನಾಗಿ ನಡೆಯಿತು. ಆದರೆ ೩೨ ಬಿಟ್‌ನ ಹಳೆಯ ಎಕ್ಸ್‌ಪಿ ಯಂತ್ರಕ್ಕೆ ಪ್ರಿಂಟರ್ ಜೋಡಿಸಿ ೬೪ ಬಿಟ್‌ನ ವಿಂಡೋಸ್ ೭ ಯಂತ್ರದಿಂದ ಕರೆದಾಗ, ಅಲ್ಲಿದ್ದ ಡ್ರೈವರ್ ಇಲ್ಲಿಗೆ ಒಗ್ಗಲಿಲ್ಲ. ತಯಾರಕರು ಹಳೆಯ ಪ್ರಿಂಟರಿಗೆ ಹೊಸ ಡ್ರೈವರನ್ನು ಬರೆದಿರದಿದ್ದರೆ, ಸುಸ್ಥಿತಿಯಲ್ಲಿದ್ದ ಪ್ರಿಂಟರೇ ನಿರುಪಯುಕ್ತವಾಗುತ್ತಿತ್ತು.

ಡ್ರೈವರನ್ನು ಇನ್ನೊಂದು ಯಂತ್ರದಿಂದ ತಾನಾಗಿ ಪಡೆಯುವ ಈ ಅನುಕೂಲವೂ ಪೂರ್ವದ ನಂಬಿಕೆಯ ಮೇಲೆಯೇ ನಿಂತಿತ್ತು. ೨೦೨೧ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ದೋಷ ಬೆಳಕಿಗೆ ಬಂದಿತು. ಮುದ್ರಣದ ಸರದಿಯನ್ನು ನೋಡಿಕೊಳ್ಳುವ ಸ್ಪೂಲರ್ ಸೇವೆಯ ಮೂಲಕ ಯಂತ್ರದ ಸಂಪೂರ್ಣ ಅಧಿಕಾರವನ್ನೇ ಕಸಿದುಕೊಳ್ಳುವುದು ಇದರಿಂದ ಸಾಧ್ಯವಿತ್ತು. ಆ ವರ್ಷದ ಆಗಸ್ಟಿನ ತಿದ್ದುಪಡಿಯಿಂದ ಮುಂದೆ, ಇಂತಹ ಡ್ರೈವರನ್ನು ಸ್ಥಾಪಿಸಲು ಆಡಳಿತಾಧಿಕಾರವುಳ್ಳ ಖಾತೆಯೇ ಬೇಕೆಂದಾಯಿತು. ಸೆಪ್ಟೆಂಬರಿನ ತಿದ್ದುಪಡಿಗಳ ತರುವಾಯ, ಅದುವರೆಗೆ ಸರಾಗವಾಗಿ ನಡೆಯುತ್ತಿದ್ದ ಎಷ್ಟೋ ಹಂಚಿದ ಪ್ರಿಂಟರುಗಳು ೦x೦೦೦೦೦೧೧ಬಿ ಎಂಬ ಸಂಖ್ಯೆಯನ್ನು ತೋರಿಸಿ ಸಂಪರ್ಕವನ್ನು ನಿರಾಕರಿಸಿದುವು. ಎರಡು ಯಂತ್ರಗಳಲ್ಲಿ ಒಂದಕ್ಕೆ ತಿದ್ದುಪಡಿ ಬಂದು ಇನ್ನೊಂದಕ್ಕೆ ಬಾರದಿದ್ದರೂ ಹೀಗಾಗುತ್ತಿತ್ತು. ಜಾಲಕ್ಕೆ ನೇರವಾಗಿ ಸೇರುವ ಪ್ರಿಂಟರುಗಳು ಸುಲಭವಾಗಿ ದೊರೆಯತೊಡಗಿದ ಮೇಲೆ ಮನೆಗಳಲ್ಲಿ ಈ ಬಗೆಯ ಹಂಚಿಕೆಯೇ ಕಡಮೆಯಾಗುತ್ತ ಬಂದಿದೆ.

೮. ಮುಚ್ಚಿದ ನಿಯಮಾವಳಿ

ಎರಡು ಯಂತ್ರಗಳಲ್ಲಿ ಒಂದು ವಿಂಡೋಸ್, ಇನ್ನೊಂದು ಲಿನಕ್ಸ್ ಆದಾಗ ತೊಡಕು ಇನ್ನೊಂದು ಮುಖವನ್ನು ಪಡೆಯುತ್ತದೆ. ಆಸ್ಟ್ರೇಲಿಯದ ಕ್ಯಾನ್‌ಬೆರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರೂ ಟ್ರಿಜೆಲ್ ೧೯೯೧ರ ಕೊನೆಯಲ್ಲಿ, ತಂತಿಯ ಮೇಲೆ ಹರಿಯುತ್ತಿದ್ದ ಸಂದೇಶಗಳನ್ನು ಗಮನಿಸಿ ಅವುಗಳ ನಿಯಮವನ್ನು ಊಹಿಸುತ್ತ ಒಂದು ಸರ್ವರನ್ನು ಬರೆದರು. ಎಸ್, ಎಂ, ಬಿ ಅಕ್ಷರಗಳು ಕ್ರಮವಾಗಿ ಬರುವ ಪದಕ್ಕಾಗಿ ಶಬ್ದಪಟ್ಟಿಯನ್ನು ಹುಡುಕಿ ಅದಕ್ಕೆ ಸಾಂಬಾ ಎಂದು ಹೆಸರಿಟ್ಟದ್ದು ಆಮೇಲಿನ ಮಾತು. ಅಜ್ಞಾತ ಲಿಪಿಯ ಶಾಸನಗಳನ್ನು ಓದುವ ವಿದ್ವಾಂಸರ ಕ್ರಮಕ್ಕೂ ಇದಕ್ಕೂ ಹೋಲಿಕೆಯುಂಟು. ಆದರೆ ಇಲ್ಲಿ ಲಿಪಿಯನ್ನು ಬಲ್ಲವರು ಜೀವಂತವಾಗಿದ್ದರು; ಪೂರ್ಣವಾಗಿ ಹೇಳಲು ಒಪ್ಪಿರಲಿಲ್ಲ, ಅಷ್ಟೆ.

ಯೂರೋಪಿನ ಕಮಿಷನ್ ೨೦೦೪ರ ಮಾರ್ಚಿನಲ್ಲಿ ನೀಡಿದ ನಿರ್ಣಯದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಗೆ ೪೯೭ ಮಿಲಿಯನ್ ಯೂರೋಗಳಿಗೂ ಮೀರಿದ ದಂಡವನ್ನು ವಿಧಿಸಿ, ಸರ್ವರುಗಳ ಸಂವಾದ ನಿಯಮಗಳನ್ನು ಪ್ರತಿಸ್ಪರ್ಧಿಗಳಿಗೆ ತಿಳಿಸಬೇಕೆಂದು ಆಜ್ಞಾಪಿಸಿತು. ೨೦೦೭ರ ಸೆಪ್ಟೆಂಬರಿನಲ್ಲಿ ಯೂರೋಪಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ವರ್ಷದ ಡಿಸೆಂಬರಿನಲ್ಲಿ ೧೦,೦೦೦ ಯೂರೋಗಳನ್ನು ಒಂದು ಸಲ ಸಲ್ಲಿಸಿ ದಾಖಲೆಗಳನ್ನು ಪಡೆಯುವ ಒಪ್ಪಂದವು ಸಾಂಬಾದ ಪರವಾಗಿ ಆಯಿತು. ಮನೆಯೊಳಗಿನ ಎರಡು ಯಂತ್ರಗಳ ಸಂಭಾಷಣೆ ನ್ಯಾಯಾಲಯದ ಮೆಟ್ಟಿಲನ್ನೇರಿದ ಪ್ರಸಂಗವಿದು.

೯. ೨೦೧೭ ಮತ್ತು ಅನಂತರ

ಎಸ್‌ಎಂಬಿಯ ಎರಡನೆಯ ರೂಪ ವಿಂಡೋಸ್ ವಿಸ್ತಾದೊಡನೆ ೨೦೦೬ರಲ್ಲಿಯೂ ಮೂರನೆಯದು ೨೦೧೨ರಲ್ಲಿಯೂ ಬಂದರೂ, ಹಳೆಯ ಯಂತ್ರಗಳ ಸಲುವಾಗಿ ಮೊದಲನೆಯದನ್ನೂ ಉಳಿಸಿಕೊಳ್ಳಲಾಗಿತ್ತು. ೨೦೧೭ರ ಮೇ ೧೨ರಂದು ವಾನಾಕ್ರೈ ಎಂಬ ಹಾನಿಕಾರಕ ತಂತ್ರಾಂಶ ಈ ಹಳೆಯ ರೂಪದ ಒಂದು ದೋಷವನ್ನು ಹಿಡಿದು ಜಗತ್ತಿನಾದ್ಯಂತ ಹರಡಿ, ಕಡತಗಳನ್ನು ಬೀಗಹಾಕಿ ಹಣ ಕೇಳಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳು ಅದರಿಂದ ಬಹಳ ಬಾಧೆಗೊಳಗಾದುವು. ದೋಷಕ್ಕೆ ತಿದ್ದುಪಡಿ ಮಾರ್ಚಿನಲ್ಲಿಯೇ ಸಿದ್ಧವಾಗಿತ್ತು. ಅನೇಕ ಯಂತ್ರಗಳಲ್ಲಿ ಅದನ್ನು ಹಾಕಿರಲಿಲ್ಲ.

ಆ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ ೧೦ರ ಹೊಸ ಆವೃತ್ತ್ತಿಯಿಂದ ಮುಂದೆ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಎಸ್‌ಎಂಬಿಯ ಮೊದಲ ರೂಪವನ್ನು ಕೈಬಿಡಲಾಯಿತು. ನೆರೆಹೊರೆಯ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಹಳೆಯ ಏರ್ಪಾಡು ಅದನ್ನೇ ಅವಲಂಬಿಸಿತ್ತಾದುದರಿಂದ, ಪಟ್ಟಿಯೂ ಅದರೊಡನೆ ಮರೆಯಾಯಿತು. ಅದರ ಸ್ಥಾನದಲ್ಲಿರುವ ಹೊಸ ಅನ್ವೇಷಣ ಸೇವೆ ನಿಂತಿದ್ದರೆ ಯಂತ್ರಗಳು ಒಂದಕ್ಕೊಂದು ಕಾಣುವುದಿಲ್ಲ. ಮನೆಗಳ ಸಲುವಾಗಿಯೇ ವಿಂಡೋಸ್ ೭ರೊಡನೆ ೨೦೦೯ರಲ್ಲಿ ಬಂದಿದ್ದ ಹೋಮ್‌ಗ್ರೂಪ್ ಎಂಬ ಏರ್ಪಾಡನ್ನೂ ೨೦೧೮ರಲ್ಲಿ ತೆಗೆದುಹಾಕಲಾಯಿತು. ೨೦೨೪ರಲ್ಲಿ ವಿಂಡೋಸ್ ೧೧ರ ವೃತ್ತಿಪರ ಆವೃತ್ತಿಯಲ್ಲಿ, ಹೆಸರು ಹೇಳದ ಅತಿಥಿಯಾಗಿ ಇನ್ನೊಂದು ಯಂತ್ರದ ಕಡತಗಳನ್ನು ತೆರೆಯುವ ದಾರಿಯನ್ನೂ ಮೊದಲಿನಿಂದಲೇ ಮುಚ್ಚಲಾಯಿತು. ಎಕ್ಸ್‌ಪಿಯ ಕಾಲದಲ್ಲಿ ಸೌಲಭ್ಯವೆಂದು ಕೊಟ್ಟದ್ದನ್ನೇ ಎರಡು ದಶಕಗಳ ತರುವಾಯ ಅಪಾಯವೆಂದು ಹಿಂತೆಗೆದುಕೊಂಡಂತಾಯಿತು.

೧೦. ಕನ್ನಡ ಕಡತಗಳ ಪ್ರಶ್ನೆ

ಮೇಲಿನ ಸ್ತರಗಳೆಲ್ಲವನ್ನೂ ದಾಟಿದ ಮೇಲೂ ಕನ್ನಡಿಗರಿಗೆ ಇನ್ನೊಂದು ತೊಡಕು ಉಳಿದಿತ್ತು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತ ಸ್ಥಾನಗಳಲ್ಲಿ ಇಡಲಾಗಿತ್ತು. ಅಂತಹ ಫಾಂಟಿನಲ್ಲಿ ಬರೆದ ಕಡತವು ಇನ್ನೊಂದು ಯಂತ್ರಕ್ಕೆ ಒಂದು ಬಿಟ್ಟೂ ತಪ್ಪದೆ ತಲುಪಿದರೂ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತಿತ್ತು. ಫಾಂಟ್ ಇರುವ ಯಂತ್ರದಿಂದಲೇ ಹಂಚಿದ ಪ್ರಿಂಟರಿಗೆ ಪುಟವನ್ನು ಕಳುಹಿಸುವುದು ಇದಕ್ಕೊಂದು ವ್ಯಾವಹಾರಿಕ ಉಪಾಯವಾಗಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿತ್ತು; ತುಂಗಾ ಎಂಬ ಯೂನಿಕೋಡ್ ಫಾಂಟ್ ವಿಂಡೋಸ್ ಎಕ್ಸ್‌ಪಿಯೊಡನೆ ಬಂದಿತು. ಆದರೂ ಹಳೆಯ ಸಂಕೇತದ ಕಡತಗಳು ಬಹುಕಾಲ ಚಲಾವಣೆಯಲ್ಲಿದ್ದುವು. ಒಪ್ಪಂದವಿಲ್ಲದೆ ಹಂಚಿಕೆಯಿಲ್ಲ ಎಂಬ ಮಾತು ತಂತಿಗೆ ಎಷ್ಟೋ ಲಿಪಿಗೂ ಅಷ್ಟೇ ಅನ್ವಯಿಸುತ್ತದೆ.

೧೧. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಪರಿಶೀಲನೆಯ ಕ್ರಮವೊಂದು ತಾನಾಗಿಯೇ ಸಿದ್ಧಿಸುತ್ತದೆ. ಮೊದಲು ಕೇಬಲ್ ಅಥವಾ ವೈ-ಫೈ, ಅನಂತರ ಎರಡು ಯಂತ್ರಗಳ ವಿಳಾಸಗಳು ಒಂದೇ ಸಮೂಹಕ್ಕೆ ಸೇರಿವೆಯೇ ಎಂಬುದು, ಅನಂತರ ಹೆಸರು, ಪಟ್ಟಿಯಲ್ಲಿ ಕಾಣದಿದ್ದರೆ ವಿಳಾಸವನ್ನೇ ಬರೆದು ಕರೆಯುವುದು, ಆಮೇಲೆ ಜಾಲದ ವರ್ಗ ಮತ್ತು ಫೈರ್‌ವಾಲ್, ಆಮೇಲೆ ಖಾತೆ, ಪಾಸ್‌ವರ್ಡ್, ಎರಡು ಬಗೆಯ ಅನುಮತಿಗಳು, ಕೊನೆಗೆ ಪ್ರಿಂಟರಿನ ಡ್ರೈವರ್. ಕೆಳಗಿನ ಸ್ತರ ಭದ್ರವಾಗಿದೆಯೆಂದು ಖಚಿತವಾಗದೆ ಮೇಲಿನದನ್ನು ಕೆದಕಿದರೆ ಹೊತ್ತು ವ್ಯರ್ಥವಾಗುವುದಲ್ಲದೆ, ಸರಿಯಾಗಿದ್ದುದನ್ನೂ ಕೆಡಿಸಿದಂತಾಗುವುದು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತೊಡಕಿನಿಂದ ಬೇಸತ್ತವರು ಫೈರ್‌ವಾಲನ್ನು ಪೂರ್ತಿಯಾಗಿ ನಿಲ್ಲಿಸುವುದು, ಎಸ್‌ಎಂಬಿಯ ಮೊದಲ ರೂಪವನ್ನು ಮತ್ತೆ ಚಾಲನೆಗೊಳಿಸುವುದು, ೨೦೨೧ರ ತಿದ್ದುಪಡಿಯನ್ನು ಕಿತ್ತುಹಾಕುವುದು ಮುಂತಾದ ಸುಲಭೋಪಾಯಗಳನ್ನು ಕೈಗೊಳ್ಳುವುದುಂಟು. ಹಂಚಿಕೆ ಒಡನೆ ನಡೆಯುತ್ತದೆ. ಆದರೆ ಆ ತಡೆ ಏತಕ್ಕೆ ಬಂದಿತೆಂಬ ಇತಿಹಾಸವನ್ನು ಬಲ್ಲವರು ಹಾಗೆ ಮಾಡಲು ಹಿಂಜರಿಯುವರು. ೨೦೦೩, ೨೦೧೭, ೨೦೨೧ರ ಅನುಭವಗಳಿಂದ ಕಟ್ಟಿದ ಗೋಡೆಯನ್ನು ಒಂದು ಪುಟದ ಮುದ್ರಣಕ್ಕಾಗಿ ಕೆಡವುವುದಕ್ಕಿಂತ, ಎರಡು ಯಂತ್ರಗಳಲ್ಲಿಯೂ ಪಾಸ್‌ವರ್ಡುಳ್ಳ ಒಂದೇ ಹೆಸರಿನ ಖಾತೆಯನ್ನು ತೆರೆದು ಬೇಕಾದಷ್ಟೇ ಬಾಗಿಲನ್ನು ತೆರೆಯುವುದು ಮೇಲು. ಇದಕ್ಕೆ ತಾಳ್ಮೆ ಹೆಚ್ಚು ಬೇಕು.

ಮನೆಯ ಯಂತ್ರಗಳ ಚರಿತ್ರೆಯನ್ನು ಬರೆಯುವವರು ಹೊಸ ಆವಿಷ್ಕಾರಗಳ ತಾರೀಖುಗಳನ್ನು ಮಾತ್ರ ಸಂಗ್ರಹಿಸಿದರೆ ಸಾಲದು. ಯಂತ್ರಗಳು ತೋರಿಸಿದ ದೋಷಸೂಚನೆಗಳು, ಅವುಗಳ ಸಂಖ್ಯೆಗಳು, ಕೈಪಿಡಿಗಳಲ್ಲಿ ಸೂಚಿಸಿದ ಪರಿಹಾರಗಳು ಇವೂ ಆ ಚರಿತ್ರೆಗೆ ಆಕರಗಳೇ. ಯಾವ ಕಾಲದಲ್ಲಿ ಯಂತ್ರವು ಯಾರನ್ನು ನಂಬಿತ್ತು, ಯಾವಾಗ ಆ ನಂಬಿಕೆಯನ್ನು ಹಿಂತೆಗೆದುಕೊಂಡಿತು, ಆ ಬದಲಾವಣೆಯ ಹೊರೆ ಯಾರ ಮೇಲೆ ಬಿದ್ದಿತು ಎಂಬುದು ಇವುಗಳಿಂದಲೇ ತಿಳಿದುಬರುತ್ತದೆ. ಈ ಆಕರಗಳು ಬೇಗ ನಶಿಸುವಂಥವು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿಯೇ ಉಳಿದಿರುವ ಹಳೆಯ ಯಂತ್ರಗಳಿಂದಲೂ ಕೈಪಿಡಿಗಳಿಂದಲೂ ಅವನ್ನು ಸಂಗ್ರಹಿಸಿಟ್ಟರೆ ಮುಂದಿನ ಅಧ್ಯಯನಕ್ಕೆ ಬಹಳ ಉಪಕಾರವಾಗುವುದು.